ಮಾಟದ ಗುಡಿಸಲು, ವರದ ಬಸಿರು: ಸಂಕಮ್ಮನ ಸಾಲಿನಲ್ಲಿ ಮಾಂತ್ರಿಕತೆ, ದೇಹ ಮತ್ತು ಲಿಂಗಪಾತ್ರ

ದಕ್ಷಿಣ ಕರ್ನಾಟಕದ ಎರಡು ದೊಡ್ಡ ಮೌಖಿಕ ಕಾವ್ಯಗಳಾದ ಮಲೆಯ ಮಾದೇಶ್ವರ ಮತ್ತು ಮಂಟೇಸ್ವಾಮಿ ಕಾವ್ಯಗಳು ಮಂಡ್ಯ ಜಿಲ್ಲೆಯ ಮದ್ದೂರು, ಮಳವಳ್ಳಿ ತಾಲ್ಲೂಕುಗಳಲ್ಲಿ ಒಂದಕ್ಕೊಂದು ಎದುರಾಗುತ್ತವೆ. ಮೊದಲನೆಯದನ್ನು ಕಂಸಾಳೆ ಹಿಡಿದ ದೇವರಗುಡ್ಡರು ಹಾಡಿದರೆ, ಎರಡನೆಯದನ್ನು ತಂಬೂರಿ ಹಿಡಿದ ನೀಲಗಾರರು ಹಾಡುತ್ತಾರೆ. ಮಾದೇಶ್ವರನ ಬೆಟ್ಟ ಇಂದಿನ ಚಾಮರಾಜನಗರ ಜಿಲ್ಲೆಯ ಹನೂರು ತಾಲ್ಲೂಕಿನಲ್ಲಿದ್ದರೂ ಅವನ ಒಕ್ಕಲು ಮಂಡ್ಯ ಸೀಮೆಯ ಹಳ್ಳಿಹಳ್ಳಿಯಲ್ಲಿದೆ. ಮಂಟೇಸ್ವಾಮಿ ಪರಂಪರೆಗಾದರೋ ಈ ನೆಲವೇ ಕಥಾಭೂಮಿ. ಸಿದ್ಧಪ್ಪಾಜಿಯಾಗುವ ಕೆಂಪಾಚಾರಿಯ ಹುಟ್ಟೂರು ಮದ್ದೂರು ತಾಲ್ಲೂಕಿನ ನಿಡುಘಟ್ಟ. ಅವನು ಕಬ್ಬಿಣದ ಭಿಕ್ಷೆಗೆ ಹೋಗುವ ಪಾಂಚಾಳರ ಊರು ಮಳವಳ್ಳಿ ತಾಲ್ಲೂಕಿನ ಹಲಗೂರು. ಗುರುವಿನ ನೆಲೆಯಾದ ಬೊಪ್ಪೇಗೌಡನಪುರವೂ ಅದೇ ತಾಲ್ಲೂಕಿನದು.

ಈ ಕಾವ್ಯಗಳ ಅಧ್ಯಯನಕ್ಕೆ ಕನ್ನಡದಲ್ಲಿ ಗಟ್ಟಿಯಾದ ಪರಂಪರೆಯಿದೆ. ಮಂಡ್ಯ ಜಿಲ್ಲೆಯವರೇ ಆದ ಜೀ.ಶಂ. ಪರಮಶಿವಯ್ಯನವರು ದಕ್ಷಿಣ ಕರ್ನಾಟಕದ ಜನಪದ ಕಾವ್ಯಪ್ರಕಾರಗಳನ್ನು ಕುರಿತು ಮಾಡಿದ ಸಂಶೋಧನೆ, ಪಿ.ಕೆ. ರಾಜಶೇಖರ ಅವರು 1973ರಲ್ಲಿ ಪ್ರಕಟಿಸಿದ 'ಮಲೆಯ ಮಾದೇಶ್ವರ', ಕೆ. ಕೇಶವನ್ ಪ್ರಸಾದ್ ಸಂಪಾದಿಸಿದ ಹೆಬ್ಬಣಿ ಮಾದಯ್ಯ ಮತ್ತು ಸಂಗಡಿಗರ ಪಾಠ, ಅದರ ಆಧಾರದ ಮೇಲೆ ಸಿ.ಎನ್. ರಾಮಚಂದ್ರನ್ ಹಾಗೂ ಎಲ್.ಎನ್. ಭಟ್ ಸಿದ್ಧಪಡಿಸಿ 2001ರಲ್ಲಿ ಸಾಹಿತ್ಯ ಅಕಾಡೆಮಿಯಿಂದ ಬಂದ ಇಂಗ್ಲಿಷ್ ಅನುವಾದ, ಮಂಟೇಸ್ವಾಮಿ ಕುರಿತ ಹಿ.ಚಿ. ಬೋರಲಿಂಗಯ್ಯನವರ ಸಂಪಾದನಾ ಕಾರ್ಯ ಇವುಗಳನ್ನು ಇಲ್ಲಿ ನೆನೆಯಬೇಕು. ಜಾತಿಶ್ರೇಣಿಗೆ ತೋರಿದ ಪ್ರತಿರೋಧ, ಪಂಥಗಳ ಸಂಘರ್ಷ, ಸಾಂಸ್ಕೃತಿಕ ನಾಯಕನ ಪರಿಕಲ್ಪನೆ ಮುಂತಾದ ನೆಲೆಗಳಲ್ಲಿ ಈ ಕಾವ್ಯಗಳು ವಿಸ್ತಾರವಾಗಿ ಚರ್ಚೆಗೊಂಡಿವೆ. ಆದರೆ ಕಾವ್ಯದುದ್ದಕ್ಕೂ ಹರಡಿಕೊಂಡಿರುವ ಮಾಟ, ಮಾಯೆ, ವರ, ಪವಾಡಗಳನ್ನು ನಾವು ಬಹುಮಟ್ಟಿಗೆ ಭಕ್ತಿಯ ಅತಿಶಯೋಕ್ತಿಯೆಂದು ಬದಿಗೆ ಸರಿಸಿದ್ದೇವೆ. ಇಲ್ಲವೇ ಆಶಯಗಳ ಪಟ್ಟಿಗೆ ಸೇರಿಸಿ ಸುಮ್ಮನಾಗಿದ್ದೇವೆ.

ಕಾವ್ಯಲೋಕದಲ್ಲಿ ಮಾಂತ್ರಿಕತೆಯೆಂಬುದು ಬರಿಯ ಅಲಂಕಾರವಲ್ಲ, ಅದೊಂದು ಕಟ್ಟಳೆ. ಯಾವ ದೇಹ ಏನನ್ನು ಮಾಡಬಲ್ಲುದು, ಯಾರ ದೇಹದ ಮೇಲೆ ಯಾರಿಗೆ ಅಧಿಕಾರ, ಸಂತಾನ ಯಾರ ಸ್ವತ್ತು ಎಂಬುದನ್ನು ಅಲ್ಲಿ ತೀರ್ಮಾನಿಸುವುದು ಮಾಂತ್ರಿಕತೆಯೇ. ಮಾದೇಶ್ವರ ಕಾವ್ಯದ ಸಂಕಮ್ಮನ ಸಾಲನ್ನು ಮುಖ್ಯ ಪಠ್ಯವಾಗಿ, ಮಂಟೇಸ್ವಾಮಿ ಕಾವ್ಯದ ಕೆಂಪಾಚಾರಿಯ ಕಥೆಯನ್ನು ಹೋಲಿಕೆಯ ಪಠ್ಯವಾಗಿ ಇಟ್ಟುಕೊಂಡು ಈ ಕಟ್ಟಳೆಯನ್ನು ಬಿಡಿಸಿ ನೋಡುವುದು ಪ್ರಸ್ತುತ ಲೇಖನದ ಉದ್ದೇಶ.

1. ಕಾವ್ಯದ ಕುಲ, ಕಾಡಿನ ಕುಲ

ಸಂಕಮ್ಮನ ಸಾಲಿನ ಕಥೆ ಸಂಗ್ರಹವಾಗಿ ಹೀಗಿದೆ. ಸೋಲಿಗರ ನೀಲೇಗೌಡನ ಹೆಂಡತಿ ಸಂಕಮ್ಮ, ಮಕ್ಕಳಿಲ್ಲದವಳು. ಬೇಟೆಗೂ ಜೇನಿಗೂ ಕಾಡಿಗೆ ಹೊರಟ ನೀಲೇಗೌಡ, ತಾನು ಹಿಂದಿರುಗುವವರೆಗೆ ಪರಪುರುಷರ ಮುಖ ನೋಡುವುದಿಲ್ಲವೆಂದು ಭಾಷೆ ಕೊಡುವಂತೆ ಆಕೆಯನ್ನು ಒತ್ತಾಯಿಸುತ್ತಾನೆ. ಸಂಕಮ್ಮ ಒಪ್ಪುವುದಿಲ್ಲ. ಅವನು ಅವಳನ್ನು ಹಿಂಸಿಸಿ, ಗುಡಿಸಲಲ್ಲಿ ಕೂಡಿಹಾಕಿ, ಮಾಟದಿಂದ ದಿಗ್ಬಂಧನ ಮಾಡಿ ಹೋಗುತ್ತಾನೆ. ಅವಳ ಮೊರೆ ಕೇಳಿ ಬಂದ ಮಾದೇಶ್ವರ ಕಟ್ಟನ್ನು ಬಿಡಿಸಿ ಮಕ್ಕಳ ಫಲ ಕೊಡುತ್ತಾನೆ. ಹಿಂದಿರುಗಿದ ಗಂಡ ಬಸಿರನ್ನು ಕಂಡು ಶಂಕಿಸುತ್ತಾನೆ. ಸಂಕಮ್ಮ ಸತ್ಯಪರೀಕ್ಷೆಯನ್ನು ಎದುರಿಸಿ ಗೆಲ್ಲುತ್ತಾಳೆ. ಅವಳಿಗೆ ಹುಟ್ಟುವ ಅವಳಿ ಮಕ್ಕಳು ಕಾರಯ್ಯ, ಬಿಲ್ಲಯ್ಯ. ಇವರು ಮಾದಪ್ಪನಿಗೆ ಸಲ್ಲುವ ಮಕ್ಕಳು. ಹಿಂಸೆಯ ವಿವರಗಳು, ಪರೀಕ್ಷೆಯ ಕ್ರಮ, ಕೊನೆಯ ಘಟನೆಗಳು ಗಾಯಕರಿಂದ ಗಾಯಕರಿಗೆ ಬದಲಾಗುತ್ತವೆ. ಭಾಷೆಯ ಬೇಡಿಕೆ, ನಿರಾಕರಣೆ, ಮಾಟದ ಗುಡಿಸಲು, ವರದ ಬಸಿರು ಇವು ಕಥೆಯ ಸ್ಥಿರ ಘಟಕಗಳು.

ಈ ಕಥೆಯನ್ನು ಸೋಲಿಗರ ಜೀವನದ ದಾಖಲೆಯೆಂದು ಓದುವ ರೂಢಿ ನಮ್ಮಲ್ಲಿದೆ. ಜೇನು, ಬೇಟೆ, ಗುಡಿಸಲುಗಳ ವಿವರಗಳು ಅಂತಹ ಓದಿಗೆ ಎಡೆಮಾಡಿಕೊಡುವುದು ಸಹಜ. ಆದರೆ ಕಥೆಯ ನಡುಗಂಬವಾದ ಪಾತಿವ್ರತ್ಯದ ಭಾಷೆಯನ್ನು ಸೋಲಿಗರ ವಿವಾಹಪದ್ಧತಿಯ ಪಕ್ಕದಲ್ಲಿಟ್ಟು ನೋಡಿದರೆ ಈ ಓದು ನಿಲ್ಲುವುದಿಲ್ಲ. ಬಿಳಿಗಿರಿರಂಗನ ಬೆಟ್ಟ ಮತ್ತು ಮಾದೇಶ್ವರನ ಬೆಟ್ಟದ ಸೋಲಿಗರಲ್ಲಿ ಹೆಣ್ಣುಗಂಡು ಪರಸ್ಪರ ಒಪ್ಪಿ ಕಾಡಿಗೆ ಓಡಿಹೋಗಿ, ಹಿಂದಿರುಗಿದ ಮೇಲೆ ಹಿರಿಯರ ಮುಂದೆ ತಪ್ಪುಕಾಣಿಕೆ ಸಲ್ಲಿಸಿ ದಂಪತಿಗಳೆನಿಸಿಕೊಳ್ಳುವುದು ಬಹುಕಾಲದಿಂದ ಮಾನ್ಯವಾಗಿರುವ ಪದ್ಧತಿ. ಬಿಡುಗಡೆಗೂ ವಿಧವೆಯ ಮರುಮದುವೆಗೂ ಅಲ್ಲಿ ಅವಕಾಶವಿದೆ. ಹೆಣ್ಣಿನ ಆಯ್ಕೆಗೆ ಇಷ್ಟು ಎಡೆಯಿರುವ ಸಮಾಜದಲ್ಲಿ ನೀಲೇಗೌಡನಂತಹ ಗಂಡಸು ಇರಲಾರನೆಂದೇನೂ ಅಲ್ಲ. ಆದರೆ ಅವನ ಆತಂಕವನ್ನು ಆ ಸಮಾಜದ ಲಕ್ಷಣವೆಂದು ಹೇಳಲು ಆಧಾರವಿಲ್ಲ.

ಹಾಗಾದರೆ ಆ ಆತಂಕ ಎಲ್ಲಿಯದು? ಹಾಡುವವರನ್ನೂ ಕೇಳುವವರನ್ನೂ ನೋಡಿದರೆ ಉತ್ತರದ ಜಾಡು ಸಿಗುತ್ತದೆ. ಶಿಂಷಾ, ಕಾವೇರಿಗಳ ಬಯಲಿನ ಒಕ್ಕಲುತನದ ಹಳ್ಳಿಗಳಲ್ಲಿ ಭೂಮಿ ತಂದೆಯಿಂದ ಮಗನಿಗೆ ಇಳಿಯುವ ಆಸ್ತಿ. ಮಗ ಯಾರ ಮಗನೆಂಬ ನಿಶ್ಚಯವಿಲ್ಲದೆ ಅಂತಹ ವ್ಯವಸ್ಥೆ ನಿಲ್ಲದು. ಸ್ಥಳ ಬದಲಿಸುತ್ತ ಕಾಡು ಕಡಿದು ಬಿತ್ತುತ್ತಿದ್ದ ಪೋಡಿನ ಬದುಕಿಗಿಂತ ನೇಗಿಲು ಹಿಡಿದ ಬಯಲಿನ ಬದುಕಿಗೆ ಈ ನಿಶ್ಚಯದ ಅಗತ್ಯ ಹೆಚ್ಚು. ಬಯಲು ತನ್ನೊಳಗಿನ ಭಯವನ್ನು ಬೆಟ್ಟದ ಮೇಲೆ ಇರಿಸಿ ನೋಡಿತು. ಮಾಟಮಂತ್ರ ಬಲ್ಲ, ಹೆಂಡತಿಯನ್ನು ಕಟ್ಟಿಹಾಕುವ 'ಸೋಲಿಗ'ನೊಬ್ಬನನ್ನು ತನಗಾಗಿ ಕಲ್ಪಿಸಿಕೊಂಡಿತು. ಕಾವ್ಯದ ಸೋಲಿಗರು ಹೆಸರಿನಿಂದ ಮಾತ್ರ ಕಾಡಿನ ಸೋಲಿಗರು. ಗುಣದಿಂದ ಅವರೊಂದು ಕಲ್ಪಿತ ಕುಲ. ಅವರ ದೇಹಧರ್ಮವನ್ನೂ ಮನೆವಾರ್ತೆಯನ್ನೂ ರೂಪಿಸಿರುವುದು ಮಾಂತ್ರಿಕತೆ.

ಇದು ಪಾಂಡಿತ್ಯದ ಸೂಕ್ಷ್ಮವಷ್ಟೇ ಎಂದು ಭಾವಿಸಬೇಕಾಗಿಲ್ಲ. 2006ರ ಅರಣ್ಯಹಕ್ಕು ಕಾಯ್ದೆಯ ಅಡಿಯಲ್ಲಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರು 2011ರಲ್ಲಿ ಸಮುದಾಯ ಹಕ್ಕುಪತ್ರಗಳನ್ನು ಪಡೆದರು. ಜೇನು ಮೊದಲಾದ ಕಿರು ಅರಣ್ಯ ಉತ್ಪನ್ನಗಳ ಮೇಲಿನ ಹಕ್ಕು ಅದರಲ್ಲಿ ಸೇರಿದೆ. ತಮ್ಮ ಬದುಕಿನ ಕ್ರಮವನ್ನು ತಾವೇ ವಿವರಿಸಿ ಹಕ್ಕು ಸ್ಥಾಪಿಸಿಕೊಂಡ ಸಮುದಾಯವೊಂದನ್ನು ಕುರಿತು, ಬಯಲಿನ ಕಾವ್ಯವೊಂದರ ಪಾತ್ರವನ್ನು ಸಾಕ್ಷಿಯಾಗಿ ಹಿಡಿದು ಬರೆಯುವುದು ಜಾನಪದ ಸಂಶೋಧಕನಿಗೆ ಸಲ್ಲದ ಕೆಲಸ.

2. ಮಾಟ: ಬೇಟೆಗಾರನ ಆಯುಸ್ಸು, ಹೆಂಡತಿಯ ದೇಹ

ನೀಲೇಗೌಡನ ಬೇಡಿಕೆಯನ್ನು ಕೇವಲ ಸಂಶಯಪ್ರವೃತ್ತಿ ಎಂದು ವಿವರಿಸಿದರೆ ಅದರ ತರ್ಕ ಕಾಣುವುದಿಲ್ಲ. ಬೇಟೆಗೆ ಹೋದ ಗಂಡಸಿನ ಕ್ಷೇಮವು ಮನೆಯಲ್ಲಿ ಉಳಿದ ಹೆಂಗಸಿನ ನಡತೆಯನ್ನು ಅವಲಂಬಿಸಿದೆ ಎಂಬ ನಂಬಿಕೆ ಲೋಕದ ಹಲವು ಸಮಾಜಗಳಲ್ಲಿ ದಾಖಲಾಗಿದೆ. 1890ರಲ್ಲಿ ಮೊದಲು ಪ್ರಕಟವಾಗಿ ಮುಂದೆ ಸಂಪುಟಗಳಾಗಿ ಬೆಳೆದ 'ದಿ ಗೋಲ್ಡನ್ ಬೌ' ಕೃತಿಯಲ್ಲಿ ಜೇಮ್ಸ್ ಫ್ರೇಜರ್ ಇಂತಹ ನಿದರ್ಶನಗಳನ್ನು ಒಟ್ಟುಗೂಡಿಸಿದ್ದಾನೆ. ಮನೆಯಲ್ಲಿ ಹೆಂಡತಿ ತಪ್ಪಿ ನಡೆದರೆ ಕಾಡಿನಲ್ಲಿ ಆನೆಗೆ ಗಂಡನ ಮೇಲೆ ಬಲ ಬರುತ್ತದೆಂಬ ಪೂರ್ವ ಆಫ್ರಿಕದ ಬೇಟೆಗಾರರ ನಂಬಿಕೆ ಅವುಗಳಲ್ಲೊಂದು. ದೂರದಲ್ಲಿರುವ ಎರಡು ದೇಹಗಳು ಕಾಣದ ಎಳೆಯೊಂದರಿಂದ ಕಟ್ಟಲ್ಪಟ್ಟಿವೆ ಎಂಬುದು ಇದರ ತತ್ತ್ವ.

ಈ ತತ್ತ್ವದ ಪ್ರಕಾರ ಹೆಣ್ಣಿನ ದೇಹವು ಅವಳದಾಗಿ ಉಳಿಯುವುದಿಲ್ಲ. ಅದು ಗಂಡನ ಆಯುಸ್ಸನ್ನು ಅಡಗಿಸಿಟ್ಟ ಪಾತ್ರೆಯಾಗುತ್ತದೆ. ಆದ್ದರಿಂದಲೇ ಅದಕ್ಕೆ ಕಾವಲು, ಕಟ್ಟು, ಬಾಯಿಮಾತಿನ ಮುದ್ರೆ. ಗಂಡಸು ಕಾಡಿಗೆ ಹೋಗುವ ದುಡಿಮೆಯನ್ನು ಮಾಡುತ್ತಾನೆ. ಹೆಂಗಸು ಅಲುಗಾಡದೆ ಇರುವ ದುಡಿಮೆಯನ್ನು ಮಾಡಬೇಕಾಗುತ್ತದೆ. ಇದನ್ನು ದುಡಿಮೆಯೆಂದು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಆದರೆ ತಪ್ಪಿದರೆ ದಂಡವುಂಟು.

ಸಂಕಮ್ಮನ ನಿರಾಕರಣೆಯ ತೂಕ ಇಲ್ಲಿ ತಿಳಿಯುತ್ತದೆ. ಅವಳು ಪಾತಿವ್ರತ್ಯವನ್ನು ನಿರಾಕರಿಸುತ್ತಿಲ್ಲ. ಅದನ್ನು ಮುಂಗಡವಾಗಿ ಒತ್ತೆಯಿಡಲು ಮಾತ್ರ ಒಪ್ಪುತ್ತಿಲ್ಲ. ಕೈಹಿಡಿದು ಬಂದ ಮೇಲೆ ಮತ್ತೊಂದು ಭಾಷೆ ಏಕೆಂಬುದು ಅವಳ ನಿಲುವಿನ ಸಾರ. ಸ್ತ್ರೀವಾದಿ ಓದುಗಳು ಆಕೆಯನ್ನು ಪ್ರತಿಭಟನೆಯ ಪ್ರತೀಕವಾಗಿ ಗುರುತಿಸಿರುವುದು ಯುಕ್ತವೇ. ಅದಕ್ಕೆ ಒಂದು ಮಾತನ್ನು ಸೇರಿಸಬೇಕು. ಇಡೀ ಸಾಲಿನ ಮುಖ್ಯ ಕ್ರಿಯೆಗಳಲ್ಲಿ ಮಾಂತ್ರಿಕತೆಯ ನೆರವಿಲ್ಲದೆ ನಡೆಯುವುದು ಇದೊಂದೇ. ಗಂಡ ಕಟ್ಟುವುದು ಮಾಟದಿಂದ; ದೇವರು ಬಿಡಿಸುವುದು ಮಹಿಮೆಯಿಂದ; ಬಸಿರು ನಿಲ್ಲುವುದು ವರದಿಂದ; ಪರೀಕ್ಷೆ ಗೆಲ್ಲುವುದು ದೇವರ ಸತ್ಯದಿಂದ. ಒಲ್ಲೆನೆಂಬ ಮಾತೊಂದು ಮಾತ್ರ ಯಾವ ಶಕ್ತಿಯ ಆಸರೆಯೂ ಇಲ್ಲದೆ ಬರಿಯ ಮನುಷ್ಯಳ ಬಾಯಿಂದ ಹೊರಡುತ್ತದೆ. ಕನ್ನಡದಲ್ಲಿ ಆಣೆಗೂ ನುಡಿಗೂ 'ಭಾಷೆ' ಎಂಬ ಒಂದೇ ಪದವಿರುವುದು ಇಲ್ಲಿ ಗಮನಾರ್ಹ. ಆಣೆಯೆಂಬ ಭಾಷೆಯನ್ನು ಕೊಡದೆ ಸಂಕಮ್ಮ ನುಡಿಯೆಂಬ ಭಾಷೆಯನ್ನು ಉಳಿಸಿಕೊಳ್ಳುತ್ತಾಳೆ. ನೀಲೇಗೌಡನು ಮಾಟಕ್ಕೆ ಕೈಹಾಕುವುದು ಮಾತಿನಲ್ಲಿ ಸೋತ ಮೇಲೆ ಎಂಬುದನ್ನೂ ಮರೆಯಬಾರದು.

3. ವರ: ತಂದೆತನದ ಸ್ಥಾನಪಲ್ಲಟ

ಮಾದೇಶ್ವರ ಕೊಡುವ ಮಕ್ಕಳ ಫಲ ಕಾವ್ಯದ ಅತ್ಯಂತ ದಿಟ್ಟ ಘಟ್ಟ. ಗಂಡ ಕಾಡಿನಲ್ಲಿರುವಾಗಲೇ ಹೆಂಡತಿ ಬಸಿರಾಗುತ್ತಾಳೆ. ಇದಕ್ಕೆ ಕಾವ್ಯ ಯಾವ ಮರೆಯನ್ನೂ ಹುಡುಕುವುದಿಲ್ಲ. ಇದೇ ಆಶಯವುಳ್ಳ ಇನ್ನೊಂದು ಪ್ರಸಿದ್ಧ ಕಥೆಯೊಡನೆ ಹೋಲಿಸಿದರೆ ವ್ಯತ್ಯಾಸ ಸ್ಪಷ್ಟವಾಗುತ್ತದೆ. ಎ.ಕೆ. ರಾಮಾನುಜನ್ ಅವರಿಂದ ಕೇಳಿದ ಜನಪದ ಕಥೆಗಳನ್ನು ಆಧರಿಸಿ ಗಿರೀಶ ಕಾರ್ನಾಡರು 1988ರಲ್ಲಿ ಬರೆದ 'ನಾಗಮಂಡಲ'ದಲ್ಲಿಯೂ ಹೆಂಡತಿ ಮನೆಯೊಳಗೆ ಬೀಗದಲ್ಲಿದ್ದಾಳೆ. ಅಲ್ಲಿಯೂ ಮಾಂತ್ರಿಕ ಬೇರು, ಗಂಡನಿಲ್ಲದ ಬಸಿರು, ಊರ ಮುಂದಿನ ಪರೀಕ್ಷೆಗಳಿವೆ. ಆದರೆ ಅಲ್ಲಿ ನಾಗನು ಗಂಡನ ರೂಪದಲ್ಲಿ ಬರಬೇಕಾಗುತ್ತದೆ. ರಾಣಿಗೆ ಅವನು ಗಂಡನೇ. ಹೀಗಾಗಿ ವಿವಾಹದ ಹೊರರೂಪಕ್ಕೆ ಭಂಗ ಬರುವುದಿಲ್ಲ. ಸಂಕಮ್ಮನ ಎದುರಿಗೆ ಮಾದೇಶ್ವರ ಗಂಡನ ವೇಷದಲ್ಲಿ ನಿಲ್ಲುವುದಿಲ್ಲ, ದೇವರಾಗಿಯೇ ನಿಲ್ಲುತ್ತಾನೆ. ಇಬ್ಬರ ನಡುವೆ ದೇಹಸಂಪರ್ಕವಿಲ್ಲ, ವರವಿದೆ. ನಾಗನ ಕಥೆ ಗಂಡನ ರೂಪವನ್ನು ಉಳಿಸಿಕೊಂಡಿತು. ಮಾದೇಶ್ವರ ಕಾವ್ಯಕ್ಕೆ ಅದರ ಹಂಗಿಲ್ಲ.

ಇದರ ಫಲವನ್ನು ಒಂದು ಹೆಜ್ಜೆ ಮುಂದೆ ಹೋಗಿ ನೋಡಬೇಕು. ಕಾರಯ್ಯನನ್ನು ತಮ್ಮ ಮೂಲಪುರುಷನೆಂದು ಹೇಳುವ ಐತಿಹ್ಯಗಳು ಸೋಲಿಗರಲ್ಲಿವೆ. ಅದನ್ನು ಈ ಸಾಲಿನೊಡನೆ ಸೇರಿಸಿ ಓದಿದರೆ, ಒಂದು ಕುಲ ತನ್ನ ಮೂಲವನ್ನು ನೀಲೇಗೌಡನಲ್ಲಿ ಅಲ್ಲ, ಹೆಣ್ಣೊಬ್ಬಳಲ್ಲಿಯೂ ಆಕೆ ಪಡೆದ ವರದಲ್ಲಿಯೂ ಗುರುತಿಸಿದಂತಾಗುತ್ತದೆ. ಬಯಲು ಕಾಪಾಡಲು ಬಯಸಿದ ತಂದೆಯ ಬೀಜದ ನಿಶ್ಚಯವನ್ನು ಬಯಲಿನ ಕಾವ್ಯವೇ ಅಳಿಸಿಹಾಕುತ್ತದೆ. ಮಾಟ ಕಟ್ಟಿದ್ದನ್ನು ವರ ಕೆಡವುತ್ತದೆ.

ಆದರೆ ವರವೂ ಪುಕ್ಕಟೆಯಲ್ಲ. ಹುಟ್ಟುವ ಮಕ್ಕಳು ದೇವರಿಗೆ ಸಲ್ಲಬೇಕು. ಗಂಡನ ಕೈಯಿಂದ ಬಿಡುಗಡೆಗೊಂಡ ಬಸಿರು ಸಂಕಮ್ಮನ ಕೈಗೆ ಬರುವುದಿಲ್ಲ. ಅದು ದೇವರ ಕೈಸೇರುತ್ತದೆ. ಬಂಜೆಯೆಂಬ ಮಾತಿನಿಂದ ಅವಳು ಪಾರಾಗುತ್ತಾಳೆ. ಆದರೆ ಬಂಜೆತನವನ್ನು ಹೆಣ್ಣಿನ ದೋಷವೆಂದು ಬಗೆಯುವ ಎಣಿಕೆ ಹಾಗೆಯೇ ಉಳಿಯುತ್ತದೆ. ಮಾಟಕ್ಕೂ ವರಕ್ಕೂ ಕರುಣೆಯಲ್ಲಿ ಅಪಾರ ಅಂತರವಿದೆ. ಹೆಣ್ಣಿನ ದೇಹವನ್ನು ಇತರರ ಶಕ್ತಿ ಪ್ರಕಟಗೊಳ್ಳುವ ಕ್ಷೇತ್ರವೆಂದು ಭಾವಿಸುವುದರಲ್ಲಿ ಎರಡೂ ಒಂದೇ.

4. ಎರಡು ಪರೀಕ್ಷೆಗಳು

ಗಂಡಸಿನ ದೇಹದ ಮೇಲೆ ಮಾಂತ್ರಿಕತೆ ಹೇಗೆ ವರ್ತಿಸುತ್ತದೆ ಎಂಬುದಕ್ಕೆ ಮಂಟೇಸ್ವಾಮಿ ಕಾವ್ಯದತ್ತ ಹೊರಳಬೇಕು. ಗುರು ಮಂಟೇಸ್ವಾಮಿ ನಿಡುಘಟ್ಟದ ಕಮ್ಮಾರ ಮನೆತನದ ಮುದ್ದಮ್ಮನ ಮಗ ಕೆಂಪಾಚಾರಿಯನ್ನು ಶಿಶುಮಗನಾಗಿ ಬೇಡುತ್ತಾನೆ. ಹೆತ್ತವರ ಒಪ್ಪಿಗೆ ಸುಲಭವಾಗಿ ದೊರೆಯುವುದಿಲ್ಲ. ಕೊನೆಗೆ ಗುರುವಿನ ಮಾಯೆಯೇ ಗೆಲ್ಲುತ್ತದೆ. ಕಠಿಣ ಸಾಧನೆಯ ನಂತರ ಕೆಂಪಾಚಾರಿ ಸಿದ್ಧಪ್ಪಾಜಿಯಾಗಿ ಮರುಹುಟ್ಟು ಪಡೆಯುತ್ತಾನೆ. 'ಶಿಶುಮಗ' ಎಂಬ ಪಾರಿಭಾಷಿಕ ಪದವೇ ಅರ್ಥಪೂರ್ಣ. ಶಿಷ್ಯನು ಗುರುವಿನಿಂದ ಎರಡನೆಯ ಸಲ ಹುಟ್ಟುತ್ತಾನೆ. ಆ ಹುಟ್ಟಿಗೆ ತಾಯ ಬಸಿರು ಬೇಕಿಲ್ಲ. ಸಂಕಮ್ಮನ ಸಾಲಿನಲ್ಲಿ ದೇವರು ತಂದೆಯ ಸ್ಥಾನವನ್ನು ತೆಗೆದುಕೊಂಡರೆ ಇಲ್ಲಿ ಗುರು ತಾಯಿಯ ಸ್ಥಾನವನ್ನು ತೆಗೆದುಕೊಳ್ಳುತ್ತಾನೆ. ಎರಡು ಕಾವ್ಯಗಳನ್ನೂ ಜೊತೆಯಲ್ಲಿಟ್ಟು ನೋಡಿದಾಗ ಸಂತಾನವೆಂಬುದು ಹೆತ್ತವರಿಬ್ಬರ ಕೈಯಿಂದಲೂ ಜಾರಿ ಪಂಥದ ಸ್ವತ್ತಾಗುವುದನ್ನು ಕಾಣುತ್ತೇವೆ.

ಮುಂದೆ ಸಿದ್ಧಪ್ಪಾಜಿ ಹಲಗೂರಿಗೆ ಕಬ್ಬಿಣದ ಭಿಕ್ಷೆಗೆ ಹೋಗುತ್ತಾನೆ. ಪಾಂಚಾಳರು ಕೊಡಲೊಪ್ಪದೆ ಅವನನ್ನು ಪ್ರಾಣಾಂತಿಕ ಪರೀಕ್ಷೆಗಳಿಗೆ ಒಡ್ಡುತ್ತಾರೆ. ಸಂಕಮ್ಮನಂತೆ ಅವನೂ ಗೆಲ್ಲುತ್ತಾನೆ. ಇಬ್ಬರನ್ನೂ ಕಾಯುವುದು ನಂಬಿದ ದೇವರು ಅಥವಾ ಗುರುವಿನ ಶಕ್ತಿ. ಮೇಲುನೋಟಕ್ಕೆ ಇವು ಒಂದೇ ಆಶಯದ ಎರಡು ರೂಪಗಳು. ಆಶಯಸೂಚಿಯಲ್ಲಿ ಇವನ್ನು ಒಂದೇ ತಲೆಬರಹದ ಕೆಳಗೆ ಇಡಬಹುದು. ಆದರೆ ಫಲವನ್ನು ತೂಗಿ ನೋಡಿದರೆ ಎರಡಕ್ಕೂ ಅಜಗಜಾಂತರ. ಸಿದ್ಧಪ್ಪಾಜಿ ತನಗಿರುವ ಶಕ್ತಿಯನ್ನು ಸಾಬೀತುಪಡಿಸುತ್ತಾನೆ. ಸಂಕಮ್ಮ ತಾನು ಮಾಡದ ತಪ್ಪನ್ನು ಮಾಡಿಲ್ಲವೆಂದು ಸಾಬೀತುಪಡಿಸಬೇಕಾಗುತ್ತದೆ. ಅವನು ಪರೀಕ್ಷೆಯಿಂದ ಹೊರಬರುವಾಗ ಕಬ್ಬಿಣ, ಕೀರ್ತಿ, ಒಕ್ಕಲುಗಳನ್ನು ಸಂಪಾದಿಸುತ್ತಾನೆ. ಅವಳು ಹೊರಬರುವಾಗ ಪರೀಕ್ಷೆಗೆ ಮುಂಚೆ ತನ್ನದೇ ಆಗಿದ್ದ ಮಾನವನ್ನು ಮರಳಿ ಪಡೆಯುತ್ತಾಳೆ. ಗಂಡಿನ ಪರೀಕ್ಷೆ ಅವನನ್ನು ಮನೆಯಿಂದ ಲೋಕಕ್ಕೆ ಕಳುಹಿಸುತ್ತದೆ. ಹೆಣ್ಣಿನ ಪರೀಕ್ಷೆ ಅವಳನ್ನು ಮನೆಗೆ ಹಿಂದಿರುಗಿಸುತ್ತದೆ. ಪವಾಡ ಒಂದೇ ಆದರೂ ಲಿಂಗಪಾತ್ರಕ್ಕೆ ತಕ್ಕಂತೆ ಅದರ ಬೆಲೆ ಬೇರೆ.

5. ಹಾಡುವ ದೇಹ

ಈ ಕಟ್ಟಳೆ ಕಾವ್ಯದೊಳಗೆ ಮಾತ್ರ ಇದ್ದಿದ್ದರೆ ವಿಮರ್ಶೆ ಇಲ್ಲಿಗೆ ಮುಗಿಯುತ್ತಿತ್ತು. ಆದರೆ ದೇವರಗುಡ್ಡರಾಗಲಿ ನೀಲಗಾರರಾಗಲಿ ಬರಿಯ ಗಾಯಕರಲ್ಲ; ದೀಕ್ಷೆ ಪಡೆದವರು. ಕೆಲವರಿಗೆ ಇದು ಮನೆತನದಿಂದ ಬಂದದ್ದು, ಕೆಲವರಿಗೆ ಹರಕೆಯಿಂದ ಬಂದದ್ದು. ಮಕ್ಕಳಾಗದ ದಂಪತಿಗಳು, ಹುಟ್ಟಿದ ಮಕ್ಕಳು ಉಳಿಯದವರು, ಮಗುವಾದರೆ ಮಾದಪ್ಪನಿಗೆ ಗುಡ್ಡನಾಗಿ ಬಿಡುತ್ತೇವೆಂದು ಹರಸಿಕೊಳ್ಳುವುದು ಈ ಸೀಮೆಯ ರೂಢಿ. ಮಂಟೇಸ್ವಾಮಿ, ಸಿದ್ಧಪ್ಪಾಜಿಯರ ಒಕ್ಕಲುಗಳಲ್ಲಿಯೂ ಹೀಗೆ ಮಗನನ್ನು ನೀಲಗಾರನಾಗಿ ಒಪ್ಪಿಸುವುದುಂಟು. ಹೀಗಾಗಿ ಸಂಕಮ್ಮನ ವರವನ್ನು ಹಾಡುವ ಗಾಯಕನು ಎಷ್ಟೋ ವೇಳೆ ತಾನೇ ವರದ ಮಗು. ಅವನ ತಾಯಿ ಇನ್ನೊಬ್ಬ ಸಂಕಮ್ಮ ಅಥವಾ ಇನ್ನೊಬ್ಬ ಮುದ್ದಮ್ಮ.

ಇಲ್ಲಿ ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಕಂಸಾಳೆಯ ಮೇಳ ಪರಂಪರೆಯಿಂದ ಗಂಡಸರದು. ಸಂಕಮ್ಮನ ನಿರಾಕರಣೆ, ಗುಡಿಸಲೊಳಗಿನ ಮೊರೆ, ಬಸಿರಿನ ಸಂಕಟಗಳು ಗಂಡಸಿನ ಕಂಠದಲ್ಲಿ ನಮಗೆ ತಲುಪಿವೆ. ಹೆಣ್ಣಿನ ಅನುಭವವನ್ನು ಗಂಡು ಕಸಿದುಕೊಂಡನೆಂದು ಇದನ್ನು ತಳ್ಳಿಹಾಕಬಹುದು. ಆದರೆ ಹರಕೆಯ ಮಗನಾಗಿ ಬೆಳೆದವನೊಬ್ಬ ತಾಯಿಯ ಸ್ಥಾನದಲ್ಲಿ ನಿಂತು ಅಳುವಾಗ, ತನ್ನನ್ನು ಬಿಟ್ಟುಕೊಟ್ಟವಳ ದುಃಖವನ್ನು ಅವನು ನುಡಿಸುತ್ತಿದ್ದಾನೆಂಬುದನ್ನೂ ಒಪ್ಪಬೇಕಾಗುತ್ತದೆ. ಸಂಪಾದಿತ ಪಠ್ಯ ಈ ಸಂಬಂಧವನ್ನು ತೋರಿಸಲಾರದು. ಗಾಯಕನ ಜೀವನವೃತ್ತಾಂತವನ್ನು ಮುನ್ನುಡಿಯ ಎರಡು ಸಾಲಿಗೆ ಇಳಿಸುವ ನಮ್ಮ ಸಂಪಾದನಾ ಕ್ರಮ ಇಲ್ಲಿ ಸೋಲುತ್ತದೆ. ಮುಂದಿನ ಸಂಗ್ರಹಕಾರರು ಗಾಯಕ ಏನನ್ನು ಹಾಡಿದನೆಂಬುದರ ಜೊತೆಗೆ ಅವನು ಹೇಗೆ ಗುಡ್ಡನಾದನೆಂಬುದನ್ನೂ, ಆ ಹರಕೆಯನ್ನು ಕುರಿತು ಅವನ ತಾಯಿ ಏನೆನ್ನುತ್ತಾಳೆಂಬುದನ್ನೂ ದಾಖಲಿಸಬೇಕು.

6. ಸಮಾರೋಪ

ಈವರೆಗಿನ ವಿವೇಚನೆಯಿಂದ ಮೂರು ಮಾತುಗಳನ್ನು ಹೇಳಬಹುದು. ಒಂದು, ಸಂಕಮ್ಮನ ಸಾಲಿನ ಸೋಲಿಗರು ಬಯಲಿನ ಕಲ್ಪನೆ ಕಟ್ಟಿದ ಕುಲ. ಅವರ ಕಥೆ ಕೇಳುಗರ ಲಿಂಗವ್ಯವಸ್ಥೆಗೆ ಸಾಕ್ಷಿಯೇ ಹೊರತು ಕಾಡಿನ ಸೋಲಿಗರ ಬದುಕಿಗೆ ಅಲ್ಲ. ಎರಡು, ಈ ಕಾವ್ಯಗಳ ಮಾಂತ್ರಿಕತೆ ತಂದೆತನ, ತಾಯ್ತನಗಳೆರಡನ್ನೂ ಹೆತ್ತವರಿಂದ ಬಿಡಿಸಿ ಪಂಥಕ್ಕೆ ಒಪ್ಪಿಸುತ್ತದೆ. ಆದರೆ ಅದರ ಭಾರ ಹೆಣ್ಣಿನ ದೇಹದ ಮೇಲೆ ಹೆಚ್ಚು, ಅದರ ಲಾಭ ಗಂಡಿನ ಹೆಸರಿಗೆ ಹೆಚ್ಚು. ಮೂರು, ಈ ಕಟ್ಟಳೆಯ ನಡುವೆ ಸಂಕಮ್ಮನ ನಿರಾಕರಣೆಯೊಂದು ಮಾಂತ್ರಿಕತೆಯ ಹೊರಗೆ ನಿಂತ ಮನುಷ್ಯಕ್ರಿಯೆ.

ಹೆಣ್ಣಿನ ಬಸಿರಿನ ಮೇಲೆ ಇತರರು ನಡೆಸುವ ಅಧಿಕಾರ ಹಳೆಯ ಕಾಲದ ಸಂಗತಿಯೆಂದು ಮಂಡ್ಯ ಸೀಮೆಯವರು ಹೇಳುವಂತಿಲ್ಲ. ಭ್ರೂಣಲಿಂಗ ಪತ್ತೆಯನ್ನು ನಿಷೇಧಿಸುವ ಕಾಯ್ದೆ 1994ರಲ್ಲಿಯೇ ಬಂದಿದ್ದರೂ, 2023ರ ನವೆಂಬರಿನಲ್ಲಿ ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರವಿಟ್ಟು ಭ್ರೂಣದ ಲಿಂಗ ಪತ್ತೆಮಾಡುತ್ತಿದ್ದ ಜಾಲ ಬಯಲಿಗೆ ಬಂದಿತು. ಕಾವ್ಯದಲ್ಲಿ ಬಸಿರ ಫಲವನ್ನು ಬಲ್ಲವನು ದೇವರು. ಆಲೆಮನೆಯ ಕತ್ತಲಲ್ಲಿ ಅದನ್ನು ಹೇಳಿದ್ದು ಯಂತ್ರ. ದೇವರು ಕೊಟ್ಟದ್ದು ಉಳಿಸುವ ವರ, ಯಂತ್ರದ ಹಿಂದಿದ್ದವರು ಮಾಡಿದ್ದು ಅಳಿಸುವ ವ್ಯಾಪಾರ. ಇವೆರಡನ್ನೂ ಸಮೀಕರಿಸುವುದು ಕಾವ್ಯಕ್ಕೆ ಬಗೆಯುವ ಅನ್ಯಾಯ. ಆದರೆ ಕಾವ್ಯದ ಫಲವೂ ಗಂಡುಮಕ್ಕಳೇ ಎಂಬುದನ್ನೂ, ಹೆಣ್ಣಿನ ಒಡಲಿನ ಗುಟ್ಟನ್ನು ಅವಳಿಗಿಂತ ಮೊದಲು ತಿಳಿಯುವ ಹಕ್ಕು ಎರಡೂ ಕಡೆ ಇತರರದಾಗಿಯೇ ಇದೆ ಎಂಬುದನ್ನೂ ಮರೆಮಾಚಲಾಗದು.

ಮಳವಳ್ಳಿಯ ಕಡೆಯಿಂದ ಬೆಟ್ಟಕ್ಕೆ ಹೋಗುವ ಪರಸೆಯವರು ಶಿವರಾತ್ರಿ, ಯುಗಾದಿ, ದೀಪಾವಳಿಗಳಲ್ಲಿ ಇಂದಿಗೂ ಸಂಕಮ್ಮನನ್ನು ನೆನೆಯುತ್ತಾರೆ. ನೆನೆಯುವುದು ವರ ಪಡೆದವಳೆಂದು, ಪರೀಕ್ಷೆ ಗೆದ್ದವಳೆಂದು. ಗುಡಿಸಲಿನ ಬಾಗಿಲು ಮುಚ್ಚುವ ಮೊದಲು, ದೇವರು ಬರುವನೆಂಬ ಭರವಸೆಯೂ ಇಲ್ಲದ ಹೊತ್ತಿನಲ್ಲಿ, ಭಾಷೆ ಕೊಡಲೊಲ್ಲೆನೆಂದವಳೂ ಅವಳೇ. ಆ ಸಂಕಮ್ಮನನ್ನು ಕೇಳುಗರ ನೆನಪಿಗೆ ಮರಳಿಸುವುದು ಜಾನಪದ ವಿಮರ್ಶೆ ಮಾಡಬೇಕಾದ ಕೆಲಸ.